ಮೊದಲು ಸುದ್ದಿ, ಆಮೇಲೆ ಅರವಟ್ಟಿಗೆ

ಕಾಶಿಬಾಯಿಗೆ ಸುದ್ದಿಯ ಹುಚ್ಚು ಮೊದಲಿನಿಂದಲೂ ಇತ್ತು. ಬೀದರ ಜಿಲ್ಲೆಯ ಭಾಲ್ಕಿಯಲ್ಲಿ ಹುಟ್ಟಿ ಬೆಳೆದವಳು, ಪಿಯುಸಿ ಮುಗಿಯುತ್ತಲೇ ರೇವಣಪ್ಪನ ಕೈಹಿಡಿದು ನಾಸಿಕಕ್ಕೆ ಬಂದಳು. ಗಂಡ ಬೆಳಿಗ್ಗೆ ಕಂಪನಿ ಬಸ್ಸು ಹತ್ತಿ ಸಿನ್ನರ್‌ನ ಕಾರ್ಖಾನೆಗೆ ಹೋದರೆ ಸಂಜೆಯವರೆಗೆ ಮಾತಾಡಲು ಗೋಡೆಗಳೇ ಗತಿ. ಗೋಡೆಗಳು ತಿರುಗಿ ಮಾತಾಡಲಿಲ್ಲವಾದ್ದರಿಂದ ಅವಳು ಮರಾಠಿ ಕಲಿತಳು. ಕಿರಾಣಿ ಅಂಗಡಿಯವನು ಬೇಳೆ ಕಟ್ಟಿಕೊಡುತ್ತಿದ್ದ ಹಳೆಯ ಪೇಪರೇ ಅವಳ ಪಾಠಪುಸ್ತಕ. ಹರಿದ ತುಂಡಿನಲ್ಲಿ ಕಳ್ಳ ಮನೆಗೆ ನುಗ್ಗಿದ್ದು ಮಾತ್ರ ಇರುತ್ತಿತ್ತು, ಅವನು ಸಿಕ್ಕಿಬಿದ್ದನೋ ಇಲ್ಲವೋ ಎನ್ನುವುದು ಯಾರದೋ ಮನೆಯ ಕಡಲೆಬೇಳೆಯ ಜೊತೆ ಹೋಗಿಬಿಟ್ಟಿರುತ್ತಿತ್ತು. ಉಳಿದರ್ಧವನ್ನು ಕಾಶಿಬಾಯಿ ತಾನೇ ಜೋಡಿಸಿ ನಲ್ಲಿಯ ಸಾಲಿನಲ್ಲಿ ನಿಂತ ಹೆಂಗಸರಿಗೆ ಹೇಳುತ್ತಿದ್ದಳು. ನೀರು ಬಂದರೂ ಕೊಡ ಹಿಡಿಯುವುದನ್ನು ಮರೆತು ಕೇಳುತ್ತಿದ್ದರಂತೆ.

ಒಮ್ಮೆ ತವರಿನವರು ಬಂದಾಗ ಎಲ್ಲರನ್ನೂ ಕರೆದುಕೊಂಡು ತ್ರ್ಯಂಬಕೇಶ್ವರಕ್ಕೆ ಹೊರಟಳು. ಶೇರಿಂಗ್ ಜೀಪಿನವನು ಗಾಡಿ ತುಂಬದೆ ಕೀಲಿ ತಿರುಗಿಸುವವನಲ್ಲ. ಬಿಸಿಲು ಏರುತ್ತಿತ್ತು, ಮೂರು ಸೀಟು ಖಾಲಿ. ಕಾಶಿಬಾಯಿ ಜೀಪಿನಿಂದ ತಲೆ ಹೊರಗೆ ಹಾಕಿ, ಯಾರಿಗೂ ಹೇಳದವಳ ಹಾಗೆ ಆದರೆ ಎಲ್ಲರಿಗೂ ಕೇಳುವ ಹಾಗೆ, ಇವತ್ತು ದರ್ಶನದ ಸಾಲು ಬೇಗ ಮುಚ್ಚುತ್ತಾರಂತೆ ಎಂದಳು. ಚಹಾ ಕುಡಿಯುತ್ತಿದ್ದವರು ಕಪ್ಪು ಕೆಳಗಿಟ್ಟು ಓಡಿ ಬಂದರು, ಜೀಪು ತುಂಬಿತು. ದೇವಸ್ಥಾನ ಸಂಜೆಯವರೆಗೂ ತೆರೆದಿತ್ತು. ದಾರಿಯುದ್ದಕ್ಕೂ ಅವಳ ಅಪ್ಪ ಮಗಳ ಮುಖವನ್ನು ನೋಡುತ್ತಾ, ಇವಳನ್ನು ಓದಿಸಬೇಕಾಗಿತ್ತು ಎಂದುಕೊಂಡರಂತೆ.

ಆ ಮಾತು ತೀರ ತಡವಾಗಿ ನಿಜವಾಯಿತು. ರೇವಣಪ್ಪನ ಕಂಪನಿ ಅವನನ್ನು ಸೂಪರ್‌ವೈಸರ್ ಮಾಡಿ ಔರಂಗಾಬಾದಿಗೆ ಕಳಿಸಿತು. ಈಗ ಛತ್ರಪತಿ ಸಂಭಾಜಿನಗರ ಎನ್ನುತ್ತಾರಲ್ಲ, ಅದೇ ಊರು. ಮಗಳು ಪ್ರಿಯಾ ಕಾಲೇಜು ಸೇರಿದಳು. ಅವಳ ಪ್ರವೇಶಕ್ಕೆಂದು ಹೋದ ಕಾಶಿಬಾಯಿ ಅಲ್ಲಿಯ ಬೋರ್ಡಿನ ಮೇಲೆ ಮತ್ತೊಂದು ಸೂಚನೆ ನೋಡಿದಳು: ಮಾಧ್ಯಮ, ಸಂವಹನ ಮತ್ತು ಪತ್ರಿಕೋದ್ಯಮ, ಪದವಿಯ ಮೊದಲ ವರ್ಷ, ಶನಿವಾರ ಭಾನುವಾರ ತರಗತಿ, ವಯಸ್ಸಿನ ಮಿತಿಯಿಲ್ಲ. ಕೊನೆಯ ಎರಡು ಪದಗಳನ್ನು ತನಗಾಗಿಯೇ ಬರೆದಿದ್ದಾರೆ ಎಂದು ಅವಳಿಗೆ ಅನ್ನಿಸಿತು. ಆಗ ಅವಳು ನಲವತ್ತರ ಹೊಸ್ತಿಲಲ್ಲಿದ್ದಳು.

ರೇವಣಪ್ಪ ಕೆಟ್ಟವನಲ್ಲ. ಆದರೆ ಶನಿವಾರ ಭಾನುವಾರ ಎಂದರೆ ಅವನ ಪಾಲಿಗೆ ಬಿಸಿ ರೊಟ್ಟಿ, ಎಣ್ಣೆಗಾಯಿ, ಮಧ್ಯಾಹ್ನದ ನಿದ್ದೆ. ಮೂರು ದಿನ ಯೋಚನೆ ಮಾಡಿ ತೀರ್ಪು ಕೊಟ್ಟ.

"ಒಂದು ವರ್ಷ ಹೋಗು. ಪಾಸಾದ್ರ ಮುಂದ ನೋಡಮು. ಫೇಲಾದ್ರ ಅಲ್ಲಿಗೇ ಸಾಕ್ ಮಾಡು, ಮತ್ತ ಅದರ ಮಾತು ತೆಗೀಬ್ಯಾಡ."

"ಆಯ್ತರಿ," ಎಂದಳು ಕಾಶಿಬಾಯಿ, ಫೇಲಾಗುವ ಪ್ರಶ್ನೆಯೇ ಇಲ್ಲ ಎಂಬ ಧೈರ್ಯದಲ್ಲಿ.

ತರಗತಿಯಲ್ಲಿ ಮೀಸೆ ಮೂಡದ ಹುಡುಗರ ನಡುವೆ ಇಳಕಲ್ಲ ಸೀರೆ ಉಟ್ಟು ಮೊದಲನೆಯ ಬೆಂಚಿನಲ್ಲಿ ಕೂತಳು. ಅಲ್ಲಿ ಕಲಿತದ್ದನ್ನು ಮನೆಯಲ್ಲಿ ಪ್ರಯೋಗಿಸಿದಳು. ಸಂದೇಶ ಕಳಿಸುವವರು, ಪಡೆಯುವವರು, ನಡುವೆ ಅಡ್ಡ ಬರುವ ಗದ್ದಲ, ತಿರುಗಿ ಬರುವ ಪ್ರತಿಕ್ರಿಯೆ. ಮಿಕ್ಸರ್ ಓಡುತ್ತಿದ್ದಾಗ ಪ್ರಿಯಾ ಕೂಗಿದ್ದು ಕೇಳದಿದ್ದರೆ ಅದು ಗದ್ದಲ. ರೇವಣಪ್ಪ ಪೇಪರಿನಿಂದ ತಲೆ ಎತ್ತದೆ ಹೂಂ ಎಂದರೆ ಅದು ಪ್ರತಿಕ್ರಿಯೆ. ಇಪ್ಪತ್ತು ವರ್ಷ ಆ ಹೂಂಗೆ ಬೇರೆ ಹೆಸರು ಇಟ್ಟುಕೊಂಡಿದ್ದೆನಲ್ಲ ಎಂದು ಅವಳು ಒಬ್ಬಳೇ ನಗುತ್ತಿದ್ದಳು.

ಮೇಷ್ಟ್ರು ಜಯಂತ್. ನಾಸಿಕದ ಒಂದು ಪತ್ರಿಕೆಯ ಡೆಸ್ಕಿನಲ್ಲಿ ವಾರವೆಲ್ಲ ಕೆಲಸ ಮಾಡಿ, ಶನಿವಾರ ನಸುಕಿನ ಬಸ್ಸು ಹಿಡಿದು ಪಾಠಕ್ಕೆ ಬರುತ್ತಿದ್ದ ತರುಣ. ತಂದೆ ಬ್ಯಾಂಕಿನ ವರ್ಗಾವಣೆಯ ಮೇಲೆ ಧಾರವಾಡದಿಂದ ಬಂದು ನಾಸಿಕದಲ್ಲೇ ಉಳಿದವರು. ಹಾಗಾಗಿ ಜಯಂತನಿಗೆ ಕನ್ನಡ ಪೂರ್ತಿ ಅರ್ಥವಾಗುತ್ತಿತ್ತು, ಬಾಯಿಗೆ ಮಾತ್ರ ಅರ್ಧ ಬರುತ್ತಿತ್ತು. ಕಾಶಿಬಾಯಿಯನ್ನು ಅವನು ಮರಾಠಿಯ ರೂಢಿಯಂತೆ ಕಾಕು, ಅಂದರೆ ಚಿಕ್ಕಮ್ಮ, ಎನ್ನುತ್ತಿದ್ದ, ಅವಳು ಅವನನ್ನು ಸರ್ ಎನ್ನುತ್ತಿದ್ದಳು.

ಅವನು ಒಂದೇ ವಿಷಯದಲ್ಲಿ ಕಟುಕ. ವರ್ಷದ ಪ್ರಾಕ್ಟಿಕಲ್ಲಿಗೆ ಪ್ರತಿಯೊಬ್ಬರೂ ಕಣ್ಣಾರೆ ಕಂಡ ಒಂದು ಘಟನೆಯ ವರದಿ ಬರೆಯಬೇಕು, ಅದು ಯಾವುದಾದರೂ ಪತ್ರಿಕೆಯಲ್ಲಿ ಹೆಸರಿನೊಂದಿಗೆ ಅಚ್ಚಾಗಬೇಕು. ಒಮ್ಮೆ ಆರಿಸಿದ ವಿಷಯವನ್ನು ಬದಲಿಸುವಂತಿಲ್ಲ. ಮೇ ಮುಗಿಯುವುದರೊಳಗೆ ತಂದರೆ ಅಂಕ, ಇಲ್ಲದಿದ್ದರೆ ಸೊನ್ನೆ. ಪ್ರಾಕ್ಟಿಕಲ್ಲಿನಲ್ಲಿ ಸೊನ್ನೆ ಬಂದರೆ ವರ್ಷವೇ ಫೇಲು. ಹುಡುಗರು ಗುಂಡಿ ಬಿದ್ದ ರಸ್ತೆ, ಕೆಟ್ಟ ಬೀದಿದೀಪ ಎಂದು ಒಬ್ಬೊಬ್ಬರಾಗಿ ಅಚ್ಚು ಹಾಕಿಸಿ ತಂದರು. ಕಾಶಿಬಾಯಿಗೆ ಅಂಥ ಬಡ ಸುದ್ದಿ ಬೇಡವಾಗಿತ್ತು. ಅವಳು ಬಸವ ಜಯಂತಿಗೆ ಕಾದಳು.

ಅವರ ಕಾಲೊನಿಯಲ್ಲಿ ಬೀದರ, ಕಲಬುರಗಿ ಕಡೆಯವರ ಒಂದು ಬಳಗವಿತ್ತು. ಹಾರ್ಡ್‌ವೇರ್ ಅಂಗಡಿಯ ಗುರುಲಿಂಗಪ್ಪ ಅಧ್ಯಕ್ಷ, ವಿಮೆಯ ಏಜೆಂಟ್ ರಾಚಪ್ಪ ಕಾರ್ಯದರ್ಶಿ. ಆ ವರ್ಷ ಜಯಂತಿ ಮಂಗಳವಾರ ಬಂದಿತ್ತು, ಬಿಸಿಲು ತಲೆ ಬಿರಿಯುವಂಥದ್ದು. ಕಾಲೇಜಿನ ಹತ್ತಿರದ ಚೌಕದಲ್ಲಿ, ಬಿಡಕಿನ್ ಕಡೆಯ ಬಸ್ಸು ನಿಲ್ಲುವಲ್ಲಿ, ದಾರಿಹೋಕರಿಗೆ ಒಂದು ಅರವಟ್ಟಿಗೆ ತೆರೆಯೋಣ ಎಂದು ಬಳಗ ತೀರ್ಮಾನಿಸಿತು. ಆ ಊರಿನಲ್ಲಿ ಅದಕ್ಕೆ ಪಾಣಪೋಯಿ ಎನ್ನುತ್ತಾರೆ. ಚಪ್ಪರ, ಸಾಲಾಗಿ ಮಣ್ಣಿನ ಗಡಿಗೆ, ಮೇಲೆ ಯಾರದಾದರೂ ಸ್ಮರಣೆಯ ಬೋರ್ಡು.

ವರದಿ ಬರೆಯುವ ಜವಾಬ್ದಾರಿಯನ್ನು ರಾಚಪ್ಪ ಕಾಶಿಬಾಯಿಗೆ ಒಪ್ಪಿಸಿದ. ಒಪ್ಪಿಸುವಾಗ ಒಂದು ಗುಟ್ಟು ಹೇಳಿಕೊಟ್ಟ.

"ತಂಗಿ, ಕಾರ್ಯಕ್ರಮ ಸಂಜಿಗಿ ಅದ. ಪೇಪರ್ನೋರು ಜಯಂತಿ ಪುಟ ಸಂಜಿ ಆಗೋದ್ರಾಗೇ ಕಟ್ಟಿಬಿಡ್ತಾರ. ನೀ ಮಧ್ಯಾನ್ನನೇ ಬರದು ಕೊಟ್ಟು ಬಾ. ಎಲ್ಲಾ ಸಂಘದೋರು ಹಂಗೇ ಮಾಡ್ತಾರ."

"ಆಗದ ಇರೋದಕ್ಕ ಆಯ್ತು ಅಂತ ಹೆಂಗ ಬರೀಲಿ ಅಣ್ಣಾ?"

"ಆಗೇ ಆಗ್ತದಲ್ಲ. ಇಪ್ಪತ್ತು ವರ್ಷದಿಂದ ಹಂಗೇ ಆಗ್ಯಾದ."

ಮಾತು ಸುಳ್ಳಲ್ಲ. ಊರಿನ ಮರಾಠಿ ಪತ್ರಿಕೆಯ ಕಚೇರಿಯಲ್ಲಿ ಮಧ್ಯಾಹ್ನದ ಹೊತ್ತಿಗೆ ಮೇಜಿನ ಮೇಲೆ ಬಿದ್ದಿದ್ದ ಕಟ್ಟುಗಳನ್ನು ನೋಡಿದರೆ, ಊರಿನ ಸಂಜೆಯ ಸಮಾರಂಭಗಳೆಲ್ಲ ಆಗಲೇ ಅತ್ಯಂತ ಉತ್ಸಾಹದಿಂದ ನೆರವೇರಿ, ಅಪಾರ ಸಂಖ್ಯೆಯಲ್ಲಿ ನಾಗರಿಕರು ಉಪಸ್ಥಿತರಿದ್ದು, ವಂದನಾರ್ಪಣೆಯೂ ಮುಗಿದುಹೋಗಿತ್ತು. ಹಾರ ತುರಾಯಿ ಕಟ್ಟುವವನು ಇನ್ನೂ ಹೂವು ಕೊಂಡಿರಲಿಲ್ಲ.

ಕಾಶಿಬಾಯಿ ಬರೆದದ್ದು ನಾಗರಿಕ ವರದಿಗಾರ ಎಂಬ ಅಂಕಣಕ್ಕೆ. ಅಲ್ಲಿ ಹೆಸರೂ ಹಾಕುತ್ತಿದ್ದರು, ಫೋಟೋವನ್ನೂ ಹಾಕುತ್ತಿದ್ದರು. ಯಾರು, ಏನು, ಎಲ್ಲಿ, ಯಾವಾಗ ಎಂಬ ನಾಲ್ಕು ಪ್ರಶ್ನೆಗೆ ಉತ್ತರ ಸಲೀಸಾಗಿ ಬಂತು. ಏಕೆ, ಹೇಗೆ ಎನ್ನುವಲ್ಲಿ ಪೆನ್ನು ನಿಂತಿತು. ಜಾಗ ಇನ್ನೂ ಉಳಿದಿತ್ತು. ನಲ್ಲಿಯ ಸಾಲಿನ ಹಳೆಯ ಕಾಶಿಬಾಯಿ ಒಳಗಿನಿಂದ ಎದ್ದು ಬಂದಳು. ಇಡೀ ಬೇಸಿಗೆಗೆ ಟ್ಯಾಂಕರ್ ನೀರು ಕೊಡುವುದಾಗಿ ಅಧ್ಯಕ್ಷ ಗುರುಲಿಂಗಪ್ಪನವರು ತಮ್ಮ ತಾಯಿ ಹನುಮವ್ವನವರ ಸ್ಮರಣಾರ್ಥ ಘೋಷಿಸಿದರು ಎಂದು ಬರೆದಳು. ಅಷ್ಟಕ್ಕೇ ಬಿಟ್ಟರೆ ರಾಚಪ್ಪನಿಗೆ ಬೇಜಾರಾಗುತ್ತದೆ ಎಂದು, ದಿನವೂ ಮುಂಜಾನೆ ತಾವೇ ನಿಂತು ಬಾಯಾರಿದವರಿಗೆ ನೀರು ಕೊಡುವುದಾಗಿ ಕಾರ್ಯದರ್ಶಿಯವರು ಪಣತೊಟ್ಟರು ಎಂದೂ ಸೇರಿಸಿದಳು. ಓದಿ ನೋಡಿದಾಗ ಅವಳಿಗೇ ಕಣ್ಣು ತುಂಬಿ ಬಂತು.

ಸಂಜೆ ಚೌಕದಲ್ಲಿ ಏನಾಯಿತು ಎಂದರೆ, ಏನೂ ಆಗಲಿಲ್ಲ. ಬೋರ್ಡಿನ ಮೇಲೆ ಗುರುಲಿಂಗಪ್ಪನ ತಾಯಿಯ ಹೆಸರು ಇತ್ತು. ನಮ್ಮ ಅಪ್ಪನ ಹೆಸರು ಯಾಕಿಲ್ಲ ಎಂದು ರಾಚಪ್ಪ ಕೇಳಿದ. ನಿಮ್ಮಪ್ಪ ಬದುಕಿದ್ದಾಗ ಯಾರಿಗೂ ಒಂದು ಗ್ಲಾಸು ನೀರು ಕೊಟ್ಟವನಲ್ಲ ಎಂದು ಗುರುಲಿಂಗಪ್ಪ ಅಂದುಬಿಟ್ಟ. ಅಲ್ಲಿಂದ ಮುಂದೆ ಇಬ್ಬರ ಮೂರು ತಲೆಮಾರಿನ ವಿಚಾರಗಳು ಚೌಕದಲ್ಲಿ ಪ್ರಸಾರವಾದವು. ಉದ್ಘಾಟನೆಗೆ ಬರಬೇಕಾಗಿದ್ದ ನಗರಸೇವಕ, ಅಂದರೆ ಆ ವಾರ್ಡಿನ ಕಾರ್ಪೊರೇಟರ್, ದೂರದಿಂದಲೇ ಗದ್ದಲ ನೋಡಿ ಗಾಡಿ ತಿರುಗಿಸಿದ. ಚಪ್ಪರ ಬಿಚ್ಚಿದರು, ಗಡಿಗೆಗಳು ಕುಂಬಾರನ ಟೆಂಪೋ ಹತ್ತಿ ಬಂದ ದಾರಿಯಲ್ಲೇ ವಾಪಸ್ಸು ಹೋದವು.

ಕಾಶಿಬಾಯಿ ಮನೆಗೆ ಬಂದು ಮೊಬೈಲು ತೊಡೆಯ ಮೇಲಿಟ್ಟುಕೊಂಡು ಕೂತಳು. ಕಚೇರಿಯ ನಂಬರು ಅದರಲ್ಲಿತ್ತು. ಒಂದು ಮಾತು ಹೇಳಿದ್ದರೆ ಸುದ್ದಿ ನಿಲ್ಲುತ್ತಿತ್ತೋ ಏನೋ. ಆದರೆ ಸುದ್ದಿಯ ತಲೆಯ ಮೇಲೆ ಅವಳ ಹೆಸರು ಇತ್ತು. ಮದುವೆಯ ಲಗ್ನಪತ್ರಿಕೆ ಬಿಟ್ಟರೆ ಆ ಹೆಸರು ಎಲ್ಲಿಯೂ ಅಚ್ಚಾಗಿರಲಿಲ್ಲ, ಅದರಲ್ಲಿಯೂ ಅಪ್ಪನ ಹೆಸರು ದೊಡ್ಡದಾಗಿ ಇದ್ದು ಅವಳದ್ದು ಸಣ್ಣದಾಗಿತ್ತು. ಅವಳು ಮೊಬೈಲನ್ನು ಪಕ್ಕಕ್ಕಿಟ್ಟು ಹಿಟ್ಟು ನಾದಲು ಎದ್ದಳು. ಆಸೆಯೇ ಅದು, ಬೇರೆ ಹೆಸರಿಲ್ಲ.

ಬುಧವಾರ ಬೆಳಿಗ್ಗೆ ಪ್ರಿಯಾ ಪೇಪರು ಹಿಡಿದು ಮನೆಯೆಲ್ಲ ಕುಣಿದಳು. "ಅವ್ವಾ, ತೂ ಪೇಪರ್‌ಮಧ್ಯೆ ಆಲೀಸ್, ಫೋಟೋ ಬಿ ಆಹೇ," ಎಂದು ತನ್ನ ಮರಾಠಿಯಲ್ಲಿ ಎಲ್ಲರಿಗೂ ಕೇಳುವ ಹಾಗೆ ಹೇಳಿದಳು. ಫೋಟೋದಲ್ಲಿ ಕಾಶಿಬಾಯಿ ಪೊಲೀಸರು ಕರೆದು ನಿಲ್ಲಿಸಿದವಳ ಹಾಗೆ ಕಾಣುತ್ತಿದ್ದಳು. ಇರಲಿ, ಇನ್ನೂ ನಾಲ್ಕು ಪ್ರತಿ ತರುತ್ತೇನೆ ಎಂದು ಅವಳು ಚೌಕದ ಪೇಪರ್ ಸ್ಟಾಲಿಗೆ ಹೋದಳು.

ಸ್ಟಾಲಿನ ಪಕ್ಕದಲ್ಲಿ, ಸಂಜೆಯಾಗುವುದರೊಳಗೆ ಮನೆಗೆ ಹೋಗಿಬಿಡುವ ಚಹಾದ ಗಾಡಿ. ಗಾಡಿಯ ಮುಂದೆ ಒಬ್ಬ ಮುದುಕಿ, ಬಿಡಕಿನ್ ಬಸ್ಸಿಗೆ ಕಾದಿದ್ದವಳು, ಕುಡಿಯಲು ನೀರು ಕೇಳುತ್ತಿದ್ದಳು. ಚಹಾದವನು ದಿನಾ ಯಾರು ಕೇಳಿದರೂ ಒಂದು ಗ್ಲಾಸು ಕೊಡುವವನು. ಅವತ್ತು ಮಾತ್ರ ಕೈಯಲ್ಲಾಡಿಸಿದ.

"ಅಜ್ಜಿ, ನಿನ್ನೆಯಿಂದ ಇಲ್ಲೇ ಎಲ್ಲೋ ಪಾಣಪೋಯಿ ಶುರುವಾಗಿದೆ. ಪೇಪರಿನಲ್ಲಿ ಬಂದಿದೆ ನೋಡು. ಇಡೀ ಬೇಸಿಗೆ ಟ್ಯಾಂಕರ್. ಇನ್ನು ನನ್ನ ಹತ್ತಿರ ಯಾಕೆ ಕೇಳುತ್ತಿ," ಎಂದು ಮರಾಠಿಯಲ್ಲಿ ಹೇಳಿ, ಬೆಳಿಗ್ಗೆಯಿಂದ ಹತ್ತಾರು ಜನರಿಗೆ ಹೀಗೇ ಹೇಳಿ ಸಾಕಾಗಿದೆ ಎನ್ನುವಂತೆ ಸ್ಟೋವಿನ ಕಡೆ ತಿರುಗಿದ.

ಮುದುಕಿ ಚೌಕವನ್ನೆಲ್ಲ ಕಣ್ಣಿಂದ ಹುಡುಕಿ, ಕಾಶಿಬಾಯಿಯ ಹತ್ತಿರ ಬಂದು ಪಾಣಪೋಯಿ ಎಲ್ಲಿ ಮಗಳೇ ಎಂದು ಕೇಳಿದಳು. ಕಾಶಿಬಾಯಿಯ ಕೈಯಲ್ಲಿ ಪೇಪರಿನ ನಾಲ್ಕು ಪ್ರತಿ ಇದ್ದವು. ಫೋಟೋ ಕಾಣದ ಹಾಗೆ ಅವುಗಳನ್ನು ಸೆರಗಿನೊಳಗೆ ಸೇರಿಸಿಕೊಂಡಳು. ಚೌಕದಲ್ಲಿ ಮೊದಲು ಒಂದು ಗ್ಲಾಸು ನೀರಾದರೂ ಇತ್ತು. ಅವಳು ಬರೆದ ಮೇಲೆ ಅದೂ ಹೋಗಿತ್ತು. ಸ್ಟಾಲಿನಲ್ಲಿ ನೀರಿನ ಬಾಟಲಿ ಕೊಂಡು ಮುದುಕಿಯ ಕೈಗೆ ಕೊಟ್ಟು, ಅವಳು ಹರಸುವುದರೊಳಗೆ ಅಲ್ಲಿಂದ ಕಾಲು ಕಿತ್ತಳು.

ಇನ್ನು ಶನಿವಾರ ಜಯಂತ್ ಸರ್ ಬರುತ್ತಾರೆ. ಕಾಲೇಜಿಗೆ ಬರುವುದೇ ಆ ಚೌಕದ ಮೇಲೆ. ಚೌಕ ಬರಿದಾಗಿದ್ದರೆ ಅಂಕ ಹೋಯಿತು, ವರ್ಷ ಹೋಯಿತು, ಗಂಡನ ತೀರ್ಪಿನಂತೆ ಓದೂ ಅಲ್ಲಿಗೇ ಮುಗಿಯಿತು. ಕಾಶಿಬಾಯಿ ದಾರಿಯಲ್ಲೇ ನಿಂತು ಒಂದು ಗಳಿಗೆ ಯೋಚಿಸಿದಳು. ಆಮೇಲೆ ಸೀದಾ ಗುರುಲಿಂಗಪ್ಪನ ಅಂಗಡಿಗೆ ನಡೆದಳು.

ಗುರುಲಿಂಗಪ್ಪ ಗಲ್ಲಾಪೆಟ್ಟಿಗೆಯ ಹಿಂದೆ ಮದುಮಗನ ಹಾಗೆ ಕೂತಿದ್ದ. ಎದುರಿಗೆ ಅಂದಿನ ಪೇಪರು, ಕಿವಿಗೆ ಫೋನು. ಸುದ್ದಿಯ ಫೋಟೋ ತೆಗೆದು ಆಗಲೇ ಊರ ಕಡೆಯವರಿಗೆಲ್ಲ ಕಳಿಸಿದ್ದ. ಭಾಲ್ಕಿಯ ಬೀಗರು, ಹುಮನಾಬಾದಿನ ಅಳಿಯ, ಎಂದೂ ಫೋನು ಮಾಡದ ಸೋದರಮಾವ, ಎಲ್ಲರೂ ಹೊಗಳುತ್ತಿದ್ದರು. ಅವ್ವನ ಹೆಸರು ಉಳಿಸಿದಿ ಎಂದು ಯಾರೋ ಅತ್ತಿದ್ದರಂತೆ. ಕಾರ್ಯಕ್ರಮ ನಡೆದಿಲ್ಲ ಎಂಬ ಸಣ್ಣ ಸಂಗತಿಯನ್ನು ಅವನು ಮರೆತೇಬಿಟ್ಟಿದ್ದ.

"ಬಾ ತಂಗಿ, ಬಾ. ಭಾಳ ಛಲೋ ಬರದೀ," ಎಂದು ಸ್ಟೂಲು ಸರಿಸಿದ. ಆಮೇಲೆ ದನಿ ಇಳಿಸಿದ. "ಖರೆ, ಆ ಟ್ಯಾಂಕರಿನ ಮಾತು ನಾ ಯಾವಾಗ ಅಂದಿದ್ದೆ?"

"ಭಾಷಣದಾಗ ಅಂದ್ರಲ್ಲ ಕಾಕಾ."

"ಭಾಷಣನೇ ಆಗಿಲ್ಲಲ್ಲ ಬೇ."

"ಹೌದಲ್ಲರಿ," ಎಂದಳು ಕಾಶಿಬಾಯಿ ಆಗಷ್ಟೇ ನೆನಪಾದವಳ ಹಾಗೆ. "ಹಂಗಾದ್ರ ನಾಳೆ ತಿದ್ದುಪಡಿ ಹಾಕಸ್ತೀನಿ ಬಿಡ್ರಿ. ಭಾಷಣ ಆಗಿಲ್ಲ, ಟ್ಯಾಂಕರ್ ಇಲ್ಲ, ಬೋರ್ಡಿನ ಸಲುವಾಗಿ ಅಧ್ಯಕ್ಷರದು ಕಾರ್ಯದರ್ಶಿದು ಜಗಳ ಆಯ್ತು, ಗಡಿಗಿ ವಾಪಸ್ ಹೋದ್ವು. ನಮ್ಮ ಸರ್ ಖರೆ ಬರೀಬೇಕು ಅಂತಾರ."

ಗುರುಲಿಂಗಪ್ಪ ಏನೋ ಹೇಳಲು ಬಾಯಿ ತೆರೆದ. ಅಷ್ಟರಲ್ಲಿ ಮತ್ತೆ ಫೋನು ಬಂತು. ಅವನು ಕಾಶಿಬಾಯಿಯ ಮುಖ ನೋಡುತ್ತಲೇ ಮಾತಾಡಿದ. "ಹಾಂ, ಹೌದ್ರಿ. ಇಡೀ ಬ್ಯಾಸಗಿ. ಏನರೀ, ನಮ್ಮ ಕೈಲಾದ ಸೇವಾ." ಫೋನು ಇಟ್ಟವನು ಹಣೆ ಒರೆಸಿಕೊಂಡು, ಟ್ಯಾಂಕರಿನವನ ನಂಬರು ಹುಡುಕತೊಡಗಿದ.

ರಾಚಪ್ಪನ ಮನೆಯಲ್ಲಿ ಕೆಲಸ ಇನ್ನೂ ಹಗುರವಾಯಿತು. ಎಂಟು ಗಂಟೆಗೆ ಮೊದಲು ಹಾಸಿಗೆ ಬಿಟ್ಟು ಏಳದ ಗಂಡ ಮುಂಜಾನೆ ನಿಂತು ನೀರು ಕೊಡುತ್ತಾನೆ ಎಂದು ಪೇಪರಿನಲ್ಲಿ ಓದಿದ ಅವನ ಹೆಂಡತಿ ಸಂಗಮ್ಮ ಅದನ್ನು ಆಗಲೇ ಅಕ್ಕಪಕ್ಕದವರಿಗೆಲ್ಲ ಹೇಳಿಬಿಟ್ಟಿದ್ದಳು. ರಾಚಪ್ಪ, ಆ ಮನುಷ್ಯನ ಅವ್ವನ ಬೋರ್ಡಿನ ಕೆಳಗೆ ನಾನು ನಿಲ್ಲುವುದಿಲ್ಲ ಎಂದು ತಕರಾರು ತೆಗೆದ.

"ನಿಲ್ಲಂಗಿಲ್ಲಂದ್ರ ಮನ್ಯಾಗಾದ್ರೂ ಲಗೂನ ಏಳ್ರಿ. ಓಣ್ಯಾಗಿನ ಮಂದಿ ಕೇಳಿದ್ರ ನಾ ಏನ್ ಹೇಳಲಿ?" ಎಂದಳು ಸಂಗಮ್ಮ.

"ಅಣ್ಣಾ, ಬೋರ್ಡು ಓದೋರು ಯಾರು?" ಎಂದು ಕಾಶಿಬಾಯಿ ಮೆಲ್ಲಗೆ ಸೇರಿಸಿದಳು. "ನೀರು ಕುಡಿಯೋರು ಕೊಡೋರ ಮಾರಿ ನೋಡ್ತಾರ. ಆ ಮಾರಿ ನಿಮ್ದು."

ರಾಚಪ್ಪ ಗೋಡೆಯ ಕನ್ನಡಿಯ ಕಡೆ ಒಮ್ಮೆ ನೋಡಿದ. ಅಲ್ಲಿಗೆ ಮಾತು ಮುಗಿಯಿತು.

ಗುರುವಾರ ಚಪ್ಪರ ಬಂತು. ಶುಕ್ರವಾರ ಗಡಿಗೆಗಳು ಬಂದವು, ಟ್ಯಾಂಕರ್ ಬಂತು. ಶನಿವಾರ ಮುಂಜಾನೆ ರಾಚಪ್ಪ ಇಸ್ತ್ರಿ ಮಾಡಿದ ಅಂಗಿ ತೊಟ್ಟು, ನಿದ್ದೆಗಣ್ಣಿನಲ್ಲಿ, ಬಸ್ಸಿನವರಿಗೆ, ಕೂಲಿಯವರಿಗೆ, ಕಾರ್ಖಾನೆಗೆ ಹೊರಟವರಿಗೆ ನೀರು ಕೊಡುತ್ತಿದ್ದ. ನಿನ್ನೆ ಮೊನ್ನೆ ನೀವು ಕಾಣಲಿಲ್ಲವಲ್ಲ ಎಂದು ಯಾರೂ ಕೇಳಲಿಲ್ಲ. ಬಳಗದವರಂತೂ ಮಂಗಳವಾರದ ಸಮಾರಂಭ ಎಷ್ಟು ಚಂದ ಆಯಿತು ಎಂದು ಒಬ್ಬರಿಗೊಬ್ಬರು ನೆನಪಿಸಿಕೊಳ್ಳುತ್ತಿದ್ದರು. ಇಬ್ಬರು ಹೆಂಗಸರು ಅಂದು ಪೇಡೆ ತಮಗೆ ಸಿಗಲಿಲ್ಲ ಎಂದು ಮುನಿಸಿಕೊಂಡೂ ಇದ್ದರು.

ಜಯಂತ್ ಆಟೋ ಇಳಿದು ಅರವಟ್ಟಿಗೆಯ ಮುಂದೆ ನಿಂತ. ರಾಚಪ್ಪ ಕೊಟ್ಟ ನೀರನ್ನು ಕುಡಿದ, ಮತ್ತೊಂದು ಗ್ಲಾಸು ಕೇಳಿ ನಿಧಾನವಾಗಿ ಕುಡಿದ, ಗಡಿಗೆಯ ಹೊಟ್ಟೆಯ ಮೇಲೆ ಕೈ ಇಟ್ಟು ನೋಡಿದ. ಕಾಶಿಬಾಯಿ ಕಾಲೇಜಿನ ಗೇಟಿನಿಂದ ಎಲ್ಲವನ್ನೂ ನೋಡುತ್ತಿದ್ದಳು. ತರಗತಿ ಮುಗಿದು ಹುಡುಗರು ಹೋದ ಮೇಲೆ ಅವಳು ಪೇಪರಿನ ತುಂಡನ್ನು ಮೇಜಿನ ಮೇಲಿಟ್ಟಳು.

"ಕಾಕು, ನೀರು ಚೆನ್ನಾಗಿದೆ," ಎಂದ ಅವನು ತನ್ನ ಅರ್ಧ ಕನ್ನಡದಲ್ಲಿ. "ಪಣ್... ಆದರೆ ಮಣ್ಣಿನ ವಾಸನೆ ಬರುತ್ತೆ. ಹೊಸಾ ಗಡಿಗೆ. ಮಂಗಳವಾರದ್ದು ಅಲ್ಲ, ನಿನ್ನೆದು. ಖರೇ ಸಾಂಗಾ, ನಿಜ ಹೇಳಿ, ಏನಾಯ್ತು?"

ಸುಳ್ಳು ನಾಲಿಗೆಯ ತುದಿಯಲ್ಲಿ ಸಿದ್ಧವಿತ್ತು. ಮಂಗಳವಾರದ ಗಡಿಗೆ ಒಡೆಯಿತು, ಬದಲಿಸಿದೆವು ಎಂದರೆ ಸಾಕಾಗಿತ್ತು. ಆದರೆ ಅವಳ ಕಣ್ಣ ಮುಂದೆ ಚೌಕದಲ್ಲಿ ನೀರು ಹುಡುಕುತ್ತ ನಿಂತ ಮುದುಕಿ ಬಂದಳು. ಕಾಶಿಬಾಯಿ ಮೊದಲಿನಿಂದ ಕೊನೆಯವರೆಗೆ ಎಲ್ಲವನ್ನೂ ಹೇಳಿದಳು, ಫೋನು ಪಕ್ಕಕ್ಕಿಟ್ಟು ಹಿಟ್ಟು ನಾದಿದ್ದನ್ನೂ ಬಿಡಲಿಲ್ಲ. ಜಯಂತ್ ಮೊದಲು ಗಂಭೀರವಾಗಿ ಕೇಳಿದ. ಸಂಗಮ್ಮನ ಭಾಗ ಬರುವಷ್ಟರಲ್ಲಿ ಮುಖವನ್ನು ರಿಜಿಸ್ಟರಿನ ಹಿಂದೆ ಅಡಗಿಸಿಕೊಂಡ. ನಕ್ಕು ಮುಗಿದ ಮೇಲೆ ಮರಾಠಿಗೆ ತಿರುಗಿ ಕಟ್ಟುನಿಟ್ಟಾದ.

ಇದಕ್ಕೆ ಅಂಕ ಇಲ್ಲ, ಇದು ಕಂಡು ಬರೆದದ್ದಲ್ಲ ಎಂದ. ಆದರೆ ಈಗ ನೀವು ಹೇಳಿದ್ದು ಇದೆಯಲ್ಲ, ಸುದ್ದಿ ಮೊದಲು ಬಂದು ಅದರ ಹಿಂದೆ ಘಟನೆ ಓಡಿ ಬಂದದ್ದು, ಅದನ್ನು ಹೀಗೇ ಬರೆಯಿರಿ. ಆ ಅಂಕಣದವರು ಕಣ್ಣಿಗೊತ್ತಿಕೊಂಡು ಹಾಕುತ್ತಾರೆ. ಮೇ ಒಳಗೆ ಅಚ್ಚಾದರೆ ಪೂರ್ತಿ ಅಂಕ ಕೊಡುತ್ತೇನೆ.

ಅವಳು ಆ ದಿನವೇ ಬರೆದಳು. ಒಂದು ಅಕ್ಷರವನ್ನೂ ಕಟ್ಟಬೇಕಾಗಲಿಲ್ಲ, ಏಕೆ ಮತ್ತು ಹೇಗೆ ಎಂಬುವು ತಾವಾಗಿ ಬಂದು ಕೂತವು. ಮುಂದಿನ ವಾರ ಜಯಂತ್ ಅದನ್ನು ಓದಿ, ಒಂದು ಅಲ್ಪವಿರಾಮ ಮಾತ್ರ ತಿದ್ದಿ ಕೊಟ್ಟ. ಕಾಶಿಬಾಯಿ ಅದನ್ನು ಹಿಡಿದು ಪತ್ರಿಕೆಯ ಕಚೇರಿಗೆ ಹೊರಟವಳು ಚೌಕ ದಾಟಲಾಗದೆ ನಿಂತಳು. ಅರವಟ್ಟಿಗೆಯ ಮುಂದೆ ಸಾಲು ಇತ್ತು. ಚಹಾದವನೂ ತನ್ನ ಕೊಡ ತುಂಬಿಸಿಕೊಳ್ಳುತ್ತಿದ್ದ. ಇದು ಅಚ್ಚಾದ ಬೆಳಿಗ್ಗೆ ಗುರುಲಿಂಗಪ್ಪ ಟ್ಯಾಂಕರಿನವನಿಗೆ ಬರಬೇಡ ಎನ್ನುತ್ತಾನೆ, ರಾಚಪ್ಪ ಮುಸುಕು ಹೊದ್ದು ಮಲಗುತ್ತಾನೆ. ಬೇಸಿಗೆ ಇನ್ನೂ ಅರ್ಧ ಉಳಿದಿತ್ತು. ಅವಳು ಹಾಳೆಯನ್ನು ಮಡಚಿ ಚೀಲಕ್ಕೆ ಹಾಕಿಕೊಂಡು ಮನೆಗೆ ತಿರುಗಿದಳು.

"ಮಳಿ ಬಂದ ಮ್ಯಾಗ ಪೇಪರಿಗಿ ಕೊಡ್ತೀನ್ರಿ ಸರ್," ಎಂದಳು ಮರು ಶನಿವಾರ.

"ಮಳೆ ಜೂನದಲ್ಲಿ, ಕಾಕು. ನಾನು ಮಾರ್ಕ್ಸ್ ಮೇ ಎಂಡಿಗೆ ಕಳಿಸಬೇಕು."

"ಗೊತ್ತದರಿ."

"ಮನೆಯಲ್ಲಿ ಒಂದೇ ವರ್ಷ ಅಂದಿದ್ದಾರೆ, ಬರೋಬರ್? ನೀವೇ ಹೇಳಿದ್ರಿ."

"ಅಂದಾರರಿ," ಎಂದಳು. ಆ ತರಗತಿ, ಆ ಮೊದಲ ಬೆಂಚು, ಮೀಸೆಯಿಲ್ಲದ ಹುಡುಗರು ಪರೀಕ್ಷೆಗೆ ಮುನ್ನ ಬಂದು ತನ್ನ ನೋಟ್ಸ್ ಕೇಳುತ್ತಿದ್ದದ್ದು, ಎಲ್ಲ ಅವಳಿಗೆ ಬೇಕಾಗಿತ್ತು. "ಅಚ್ಚಾಗಿದ್ದು ಖರೆ ಅಲ್ಲ, ಖರೆ ಇದ್ದದ್ದು ಅಚ್ಚಾಗಿಲ್ಲ. ಸೊನ್ನಿ ಹಾಕ್ರಿ ಸರ್. ನೀರು ನಿಲ್ಲಬಾರದು."

ಜಯಂತ್ ಸೊನ್ನೆ ಹಾಕಿದ. ಹಾಕುವಾಗ ಅವನ ಮುಖ ತನ್ನದಕ್ಕಿಂತ ಸಣ್ಣದಾಗಿತ್ತು ಎಂದು ಕಾಶಿಬಾಯಿ ಆಮೇಲೆ ಹೇಳುತ್ತಿದ್ದಳು.

ಜೂನ್ ನಡುವೆ ಮಳೆ ಹಿಡಿಯಿತು. ಗಡಿಗೆಗಳನ್ನು ಬೋರಲು ಹಾಕಿದರು, ಚಪ್ಪರ ಬಿಚ್ಚಿದರು. ಆ ವಾರವೇ ಅವಳ ಬರಹ, ಆಮೇಲಿನದೂ ಒಂದಿಷ್ಟು ಸೇರಿ, ಅಚ್ಚಾಯಿತು, ಅಂಕಣದ ತುಂಬ. ಮೊದಲ ಸಾಲಿನಲ್ಲೇ ಮೊದಲ ಸುಳ್ಳುಗಾರ್ತಿ ನಾನು ಎಂದು ಬರೆದುಕೊಂಡಿದ್ದಳು. ಗುರುಲಿಂಗಪ್ಪ ಸಿಟ್ಟಾಗಲು ನೋಡಿದ. ಆದರೆ ಟ್ಯಾಂಕರ್ ಒಂದು ದಿನವೂ ತಪ್ಪಲಿಲ್ಲ ಎಂದು ಕೊನೆಯಲ್ಲಿ ಇತ್ತಲ್ಲ, ಅಷ್ಟನ್ನು ಮಾತ್ರ ಕತ್ತರಿಸಿ ಗಾಜು ಹಾಕಿಸಿ ಅಂಗಡಿಯಲ್ಲಿ ತೂಗುಹಾಕಿದ. ರಾಚಪ್ಪನಿಗೆ ಬೇಗ ಏಳುವುದು ರೂಢಿಯಾಗಿಹೋಗಿತ್ತು, ಸಂಗಮ್ಮ ಅದನ್ನು ಬಿಡಿಸಲು ಒಪ್ಪಲಿಲ್ಲ.

ಫಲಿತಾಂಶವೂ ಆ ದಿನಗಳಲ್ಲೇ ಬಂತು. ಬರವಣಿಗೆಯ ಪೇಪರುಗಳಲ್ಲೆಲ್ಲ ಪಾಸು, ಪ್ರಾಕ್ಟಿಕಲ್ಲಿನಲ್ಲಿ ಸೊನ್ನೆ, ಒಟ್ಟಿನಲ್ಲಿ ಫೇಲು. ರೇವಣಪ್ಪ ಅಂಕಪಟ್ಟಿ ನೋಡಿ ಅವಳ ಕೈಗೆ ವಾಪಸ್ಸು ಕೊಟ್ಟ, ಅವಳು ಅದನ್ನು ಮಡಚಿ ಬೇಳೆಯ ಡಬ್ಬಿಯ ಕೆಳಗಿಟ್ಟಳು.

ಭಾನುವಾರ ಅವನು ಅಡುಗೆಮನೆಯ ಬಾಗಿಲಲ್ಲಿ ಮಣೆ ಹಾಕಿಕೊಂಡು ಕೂತು ಆ ಬರಹವನ್ನು ಓದಿದ. ಅವನ ಮರಾಠಿ ನಿಧಾನ, ತುಟಿ ಅಲ್ಲಾಡಿಸುತ್ತಾ ಓದುತ್ತಿದ್ದ. ನಡೆಯದ ಸಮಾರಂಭದಲ್ಲಿ ತಾವಿದ್ದೆವು ಎಂದು ಹೇಳಿಕೊಂಡು ತಿರುಗಿದವರ ಭಾಗಕ್ಕೆ ಬಂದಾಗ ತುಟಿ ನಿಂತಿತು. ಅಲ್ಲಿ ಬರೆದಿತ್ತು: ಕಾರ್ಖಾನೆಯ ಒಬ್ಬ ಸೂಪರ್‌ವೈಸರ್ ತಾವು ಮುಂದಿನ ಸಾಲಿನಲ್ಲೇ ಕೂತಿದ್ದಾಗಿ ಸಹೋದ್ಯೋಗಿಗಳಿಗೆ ಹೇಳಿದರು, ಆ ಹೊತ್ತಿಗೆ ಅವರು ಸೆಕೆಂಡ್ ಶಿಫ್ಟಿನಲ್ಲಿದ್ದರು, ಅವರ ಹೆಸರು ರೇವಣಪ್ಪ.

"ನನ್ನ ಹೆಸರು ಬಿಡಬೇಕಿತ್ತು," ಎಂದ.

ಕಾಶಿಬಾಯಿ ಒಲೆಯ ಕಡೆಯಿಂದ ತಿರುಗಲಿಲ್ಲ. "ಬಿಟ್ಟಿದ್ರ ಅದು ಪೂರಾ ಖರೆ ಆಗ್ತಿರಲಿಲ್ಲ, ಮುಂದಿನ ವರ್ಷನೂ ಸರ್ ಸೊನ್ನಿನೇ ಹಾಕ್ತಿದ್ರು."

ಮುಂದಿನ ವರ್ಷ ಎನ್ನುವ ಮಾತನ್ನು ಇಬ್ಬರೂ ಕೇಳಿಸಿಕೊಂಡರು. ರೇವಣಪ್ಪ ಪೇಪರನ್ನು ಮತ್ತೆ ಮೇಲಿನಿಂದ ಓದತೊಡಗಿದ. ಮೊದಲ ಸುಳ್ಳುಗಾರ್ತಿ ನಾನು ಎಂಬಲ್ಲಿ ನಕ್ಕ, ಮುದುಕಿಯ ಭಾಗಕ್ಕೆ ಬಂದಾಗ ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸಿಕೊಂಡ. ಇವಳು ಅಂಕ ಬಿಟ್ಟದ್ದು ಯಾತಕ್ಕೆ ಎಂದು ಅವನಿಗೆ ಆಗ ಗೊತ್ತಾಯಿತು. ಪೇಪರನ್ನು ಮಡಚಿ ತೊಡೆಯ ಮೇಲೆ ಇಟ್ಟುಕೊಂಡ.

"ಅಡ್ಮಿಷನ್ನಿಗಿ ಕಡೀ ತಾರೀಖು ಯಾವಾಗದ?" ಎಂದು ಕೇಳಿದ ಕೊನೆಗೆ.

"ನನ್ನ ಅಡ್ಮಿಷನ್ ಮೊನ್ನೇನೇ ಆಗ್ಯಾದರಿ," ಎಂದು ಕಾಶಿಬಾಯಿ ಬಿಸಿ ರೊಟ್ಟಿಯನ್ನು ಅವನ ತಾಟಿಗೆ ಹಾಕಿದಳು.